ಆನ್‌ಲೈನ್ ಮಾರಾಟಕ್ಕೆ ಕೃಷಿ ಉತ್ಪನ್ನಗಳ ಜಾಹೀರಾತು ಬರಹ: ರೈತರಿಗೆ ಮಾರ್ಗದರ್ಶಿ

ಸಂತೆಯಲ್ಲಿ ಬೆಲ್ಲ ಕೊಳ್ಳುವವರು ಅಚ್ಚನ್ನು ಮುರಿದು ಒಳಬಣ್ಣ ನೋಡುತ್ತಾರೆ, ಮೂಸುತ್ತಾರೆ, ಚೂರೊಂದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಆನಂತರವೇ ದರ ಕೇಳುತ್ತಾರೆ. ಮೊಬೈಲ್ ಪರದೆಯ ಮೇಲೆ ಈ ಯಾವ ಪರೀಕ್ಷೆಯೂ ಸಾಧ್ಯವಿಲ್ಲ. ಅವುಗಳ ಕೆಲಸವನ್ನು ಒಂದೆರಡು ಚಿತ್ರಗಳು ಹಾಗೂ ಹತ್ತಾರು ವಾಕ್ಯಗಳು ನಿರ್ವಹಿಸಬೇಕಾಗುತ್ತದೆ. ಆದುದರಿಂದ ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ, ಒಎನ್‌ಡಿಸಿ ಅಥವಾ ಇತರ ಮಾರಾಟ ತಾಣಗಳ ಮೂಲಕ ನೇರ ಮಾರಾಟ ಕೈಗೊಳ್ಳುವ ರೈತರು, ಸ್ವಸಹಾಯ ಸಂಘಗಳು ಮತ್ತು ರೈತ ಉತ್ಪಾದಕ ಸಂಸ್ಥೆಗಳು ಜಾಹೀರಾತು ಬರಹಕ್ಕೂ ಬೆಳೆಯಷ್ಟೇ ಗಮನ ನೀಡುವುದು ಅವಶ್ಯಕ.

1. ಬರೆಯುವ ಮೊದಲು ಮಾಹಿತಿ ಸಂಗ್ರಹ

ಮನವೊಲಿಸುವ ಬರಹಕ್ಕೆ ಬೇಕಾದುದು ವಿಶೇಷಣಗಳಲ್ಲ, ವಿವರಗಳು. 'ಅತ್ಯುತ್ತಮ', 'ಶ್ರೇಷ್ಠ', 'ನಂಬರ್ ಒನ್' ಎಂಬ ಪದಗಳನ್ನು ಎಲ್ಲ ಮಾರಾಟಗಾರರೂ ಬಳಸುತ್ತಾರೆ. ನಿಮ್ಮ ಹೊಲದ ವಿವರಗಳನ್ನು ಮಾತ್ರ ಬೇರಾರೂ ಬಳಸಲಾರರು. ಕೆಳಗಿನ ಅಂಶಗಳನ್ನು ಮೊದಲು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

- ಬೆಳೆಯ ತಳಿ, ಊರು, ತಾಲ್ಲೂಕು ಮತ್ತು ಕಟಾವಿನ ತಿಂಗಳು
- ಸಂಸ್ಕರಣೆಯ ವಿಧಾನ: ಏನನ್ನು ಸೇರಿಸಲಾಗಿದೆ, ಏನನ್ನು ಸೇರಿಸಿಲ್ಲ
- ಬಣ್ಣ, ರುಚಿ, ವಾಸನೆ ಹಾಗೂ ಗಾತ್ರದಲ್ಲಿ ಸಹಜವಾಗಿ ಕಂಡುಬರುವ ವ್ಯತ್ಯಾಸ
- ಶೇಖರಣೆಯ ವಿಧಾನ ಮತ್ತು ಬಳಕೆಯ ಅವಧಿ
- ಯಾವ ಅಡುಗೆಗೆ ಸೂಕ್ತ, ಯಾವುದಕ್ಕೆ ಸೂಕ್ತವಲ್ಲ
- ಪ್ರತಿ ತಂಡದ ಸಂಖ್ಯೆ ಮತ್ತು ಪ್ರಯೋಗಾಲಯದ ವರದಿ ಇದ್ದಲ್ಲಿ ಅದರ ದಿನಾಂಕ

ಪುಸ್ತಕದಲ್ಲಿ ದಾಖಲೆಯಿಲ್ಲದ ಯಾವ ಮಾತೂ ಜಾಹೀರಾತಿನಲ್ಲಿ ಇರಕೂಡದು. ಈ ಒಂದು ನಿಯಮ ಪಾಲಿಸಿದರೆ ಮುಂದೆ ವಿವರಿಸಿರುವ ಬಹುತೇಕ ತೊಡಕುಗಳು ಉದ್ಭವಿಸುವುದಿಲ್ಲ.

2. ಬರಹದ ರಚನೆ

*ಶೀರ್ಷಿಕೆ:* ಉತ್ಪನ್ನದ ಹೆಸರು, ಮುಖ್ಯ ಗುಣ, ಊರು ಮತ್ತು ತೂಕ ಇರಲಿ. ಗ್ರಾಹಕರು ಹುಡುಕುವುದು 'ಬೆಲ್ಲದ ಪುಡಿ'ಯನ್ನೇ ಹೊರತು 'ಅಮೃತಸಮಾನ ಸಿಹಿ'ಯನ್ನಲ್ಲ.

*ಮೊದಲ ಎರಡು ವಾಕ್ಯಗಳು:* ಗ್ರಾಹಕರ ಮನಸ್ಸಿನಲ್ಲಿರುವ ಪ್ರಶ್ನೆಗೆ ಉತ್ತರಿಸಬೇಕು. ಬೆಲ್ಲದ ವಿಷಯದಲ್ಲಿ ಆ ಪ್ರಶ್ನೆ ಬಣ್ಣದ್ದು. ಹೊಳೆಯುವ ಹಳದಿ ಬಣ್ಣಕ್ಕಾಗಿ ಹಲವೆಡೆ ಹೈಡ್ರೋಸ್ ಎಂಬ ರಾಸಾಯನಿಕ ಬಳಸುವುದು ಅನೇಕರಿಗೆ ತಿಳಿದಿದೆ. ಅದನ್ನು ಬಳಸದ ಬೆಲ್ಲ ಸಾಮಾನ್ಯವಾಗಿ ಕಂದು ಬಣ್ಣದ್ದಾಗಿರುತ್ತದೆ. ಇದನ್ನು ಮೊದಲೇ ತಿಳಿಸಿದರೆ ಕಂದು ಬಣ್ಣ ದೋಷವಾಗಿ ಕಾಣದೆ ಗುರುತಾಗಿ ಕಾಣುತ್ತದೆ.

*ಮಧ್ಯಭಾಗ:* ತಳಿ, ವಿಧಾನ, ಬಳಕೆ ಮತ್ತು ಶೇಖರಣೆಯನ್ನು ಚಿಕ್ಕ ವಾಕ್ಯಗಳಲ್ಲಿ ವಿವರಿಸಿ.

*ಮಿತಿಗಳು:* ಉತ್ಪನ್ನದ ಮಿತಿಯನ್ನು ನೀವೇ ಹೇಳಿ. ಮಳೆಗಾಲದಲ್ಲಿ ಬೆಲ್ಲ ತೇವ ಹೀರಿ ಮೆದುವಾಗುತ್ತದೆ ಎಂದು ಮೊದಲೇ ಓದಿದವರು ಮೆದುವಾದ ಬೆಲ್ಲ ಕಂಡು ದೂರು ನೀಡುವ ಸಂಭವ ಕಡಿಮೆ.

*ಕೊನೆ:* ದರ, ಸಾಗಣೆ ವೆಚ್ಚ, ತಲುಪುವ ಅವಧಿ, ಬದಲಾವಣೆಯ ಷರತ್ತು ಹಾಗೂ ಆರ್ಡರ್ ಮಾಡುವ ವಿಧಾನ.

3. ಒಂದು ಮಾದರಿ

ಸಾಮಾನ್ಯವಾಗಿ ಕಂಡುಬರುವ ಬರಹ:

"100% ಶುದ್ಧ, ನೈಸರ್ಗಿಕ ಬೆಲ್ಲ! ಮಧುಮೇಹಿಗಳೂ ನಿಶ್ಚಿಂತೆಯಿಂದ ಸೇವಿಸಬಹುದು. ರಕ್ತಹೀನತೆಗೆ ರಾಮಬಾಣ. ಇನ್ನು 5 ಪ್ಯಾಕೆಟ್ ಮಾತ್ರ ಬಾಕಿ, ಕೂಡಲೇ ಖರೀದಿಸಿ!"

ಸೂಕ್ತ ಬರಹ:

"ಮಂಡ್ಯ ತಾಲ್ಲೂಕಿನ ನಮ್ಮ ಹೊಲದ ಕೋ 86032 ಕಬ್ಬಿನಿಂದ ತಯಾರಿಸಿದ ಬೆಲ್ಲದ ಪುಡಿ. ಕಬ್ಬಿನ ಹಾಲನ್ನು ಬೆಂಡೆ ಗಿಡದ ಲೋಳೆ ಮತ್ತು ಸುಣ್ಣದಿಂದ ತಿಳಿಗೊಳಿಸಲಾಗಿದೆ, ಹೈಡ್ರೋಸ್ ಬಳಸಿಲ್ಲ. ಆದುದರಿಂದ ಬಣ್ಣ ಗಾಢ ಕಂದು. ಕಾಫಿ, ಪಾಯಸ ಮತ್ತು ಹೋಳಿಗೆ ಹೂರಣಕ್ಕೆ ಹೊಂದುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಡಿ, ಒಣ ಚಮಚ ಬಳಸಿ. 1 ಕಿ.ಗ್ರಾಂ. ಸಾಗಣೆ ವೆಚ್ಚ ಪ್ರತ್ಯೇಕ, ಕೆಳಗೆ ನಮೂದಿಸಿದೆ."

ಮೊದಲನೆಯದರಲ್ಲಿ ಪರೀಕ್ಷಿಸಿ ಒಪ್ಪಬಹುದಾದ ಒಂದು ಮಾತೂ ಇಲ್ಲ. ಎರಡನೆಯದರಲ್ಲಿ ಪ್ರತಿ ವಾಕ್ಯವೂ ಕೊಳ್ಳುವವರಿಗೆ ಒಂದು ಕಾರಣವನ್ನು ಒದಗಿಸುತ್ತದೆ. ಮಾದರಿಯನ್ನು ಹಾಗೆಯೇ ನಕಲು ಮಾಡದೆ ನಿಮ್ಮ ಉತ್ಪನ್ನಕ್ಕೆ ನಿಜವಾಗಿ ಅನ್ವಯಿಸುವ ವಿವರಗಳನ್ನೇ ಬರೆಯಿರಿ.

4. ಬರೆಯಬಾರದ ಮಾತುಗಳು

*ರೋಗ ಗುಣಪಡಿಸುವ ಭರವಸೆ:* ಬೆಲ್ಲದ ಬಹುಭಾಗ ಸಕ್ಕರೆಯೇ ಆಗಿದ್ದು, ಅದು ರಕ್ತದ ಸಕ್ಕರೆ ಪ್ರಮಾಣವನ್ನು ಏರಿಸುತ್ತದೆ. 'ಮಧುಮೇಹಿಗಳಿಗೆ ಸುರಕ್ಷಿತ' ಎಂಬ ಎರಡು ಪದಗಳನ್ನು ನಂಬಿ ಹಿರಿಯರೊಬ್ಬರು ಪಥ್ಯ ಬಿಟ್ಟರೆ ಅಥವಾ ಮಾತ್ರೆ ನಿಲ್ಲಿಸಿದರೆ ಆಗುವ ಹಾನಿಯನ್ನು ಯಾವ ಮರುಪಾವತಿಯೂ ಸರಿಪಡಿಸಲಾರದು. ಆಹಾರವು ರೋಗವನ್ನು ತಡೆಯುತ್ತದೆ ಅಥವಾ ಗುಣಪಡಿಸುತ್ತದೆ ಎಂಬ ಪ್ರಚಾರವನ್ನು 2018ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ (ಜಾಹೀರಾತು ಮತ್ತು ಪ್ರತಿಪಾದನೆ) ನಿಯಮಾವಳಿ ನಿರ್ಬಂಧಿಸುತ್ತದೆ. ಸಿರಿಧಾನ್ಯ, ಜೇನುತುಪ್ಪ, ಅರಿಶಿನ ಮತ್ತು ನುಗ್ಗೆಸೊಪ್ಪಿನ ಪುಡಿಗೂ ಇದು ಅನ್ವಯ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿದೆ ಎಂಬುದು ಸತ್ಯಸಂಗತಿ. ರಾಗಿ ಮೂಳೆಸವೆತವನ್ನು ಗುಣಪಡಿಸುತ್ತದೆ ಎಂಬುದು ಆಧಾರವಿಲ್ಲದ ಭರವಸೆ.

*'ಶುದ್ಧ', 'ನೈಸರ್ಗಿಕ', 'ಸಾಂಪ್ರದಾಯಿಕ':* ಇದೇ ನಿಯಮಾವಳಿ ಈ ಪದಗಳ ಬಳಕೆಗೆ ಷರತ್ತುಗಳನ್ನು ವಿಧಿಸಿದೆ. ಅವುಗಳ ಬದಲು ನೀವು ಮಾಡಿದ ಕೆಲಸವನ್ನೇ ವಿವರಿಸುವುದು ಸುಲಭವೂ ಪರಿಣಾಮಕಾರಿಯೂ ಹೌದು.

*'ಸಾವಯವ':* ಎನ್‌ಪಿಒಪಿ ಅಥವಾ ಪಿಜಿಎಸ್-ಇಂಡಿಯಾ ಪ್ರಮಾಣೀಕರಣ ಇದ್ದಲ್ಲಿ ಬಳಸಿ. ಗ್ರಾಹಕರಿಗೆ ನೇರವಾಗಿ ಮಾರುವ ಸಣ್ಣ ಉತ್ಪಾದಕರಿಗೆ 2017ರ ಸಾವಯವ ಆಹಾರ ನಿಯಮಾವಳಿಯಲ್ಲಿ ವಿನಾಯಿತಿ ಇದ್ದರೂ, ಪ್ರಮಾಣೀಕರಣವಿಲ್ಲದೆ ಜೈವಿಕ್ ಭಾರತ್ ಚಿಹ್ನೆ ಬಳಸುವಂತಿಲ್ಲ.

*ಭೌಗೋಳಿಕ ಹೆಸರುಗಳು:* ಬ್ಯಾಡಗಿ ಮೆಣಸಿನಕಾಯಿ, ಕಲಬುರಗಿ ತೊಗರಿಬೇಳೆ, ಶಿರಸಿ ಅಡಿಕೆ ಮೊದಲಾದವು ಭೌಗೋಳಿಕ ಸೂಚಿಕೆ ಪಡೆದ ಉತ್ಪನ್ನಗಳು. ಬ್ಯಾಡಗಿ ಮೆಣಸಿನಕಾಯಿಯ ಬೆಲೆ ನಿಂತಿರುವುದೇ ಅದರ ಗಾಢ ಬಣ್ಣ ಮತ್ತು ಕಡಿಮೆ ಖಾರದ ಮೇಲೆ. ಬೇರೆಡೆಯ ಮೆಣಸಿನಕಾಯಿಯನ್ನು ಆ ಹೆಸರಿನಲ್ಲಿ ಮಾರಿದರೆ ನಷ್ಟ ಆ ಪ್ರದೇಶದ ಎಲ್ಲ ಬೆಳೆಗಾರರಿಗೂ ತಟ್ಟುತ್ತದೆ. ನೋಂದಾಯಿತ ಪ್ರದೇಶದ ಬೆಳೆಗಾರರು 1999ರ ಕಾಯ್ದೆಯಡಿ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳುವುದು ಸೂಕ್ತ.

*ಸುಳ್ಳು ಅವಸರ:* ಗೋದಾಮಿನಲ್ಲಿ ಮೂಟೆಗಟ್ಟಲೆ ದಾಸ್ತಾನಿರುವಾಗ '5 ಮಾತ್ರ ಬಾಕಿ' ಎನ್ನುವುದನ್ನು ಹಾಗೂ ಸಾಗಣೆ ವೆಚ್ಚವನ್ನು ಕೊನೆಯ ಹಂತದವರೆಗೆ ಮುಚ್ಚಿಡುವುದನ್ನು 2023ರ ಡಾರ್ಕ್ ಪ್ಯಾಟರ್ನ್ ತಡೆ ಮಾರ್ಗಸೂಚಿ ನಿಷೇಧಿಸಿದೆ. ಬೆಳೆಗೆ ನಿಜವಾದ ಋತು ಇದೆ. 'ಈ ಹಂಗಾಮಿನ ಅಪ್ಪೆಮಿಡಿ ಮುಗಿದರೆ ಮುಂದಿನ ವರ್ಷವೇ' ಎಂಬ ಮಾತು ಸತ್ಯವಾಗಿರುವುದರಿಂದಲೇ ಕೆಲಸ ಮಾಡುತ್ತದೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ₹10 ಲಕ್ಷದವರೆಗೆ, ಪುನರಾವರ್ತನೆಯಾದಲ್ಲಿ ₹50 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ.

5. ಕಡ್ಡಾಯ ವಿವರಗಳು

ಪೊಟ್ಟಣದಲ್ಲಿ ಮಾರುವ ಉತ್ಪನ್ನದ ಹೆಸರು, ತಯಾರಕರ ಅಥವಾ ಪ್ಯಾಕ್ ಮಾಡಿದವರ ವಿಳಾಸ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ದರ ಮತ್ತು ಗ್ರಾಹಕ ಸಂಪರ್ಕದ ವಿವರ ಆನ್‌ಲೈನ್ ಪುಟದಲ್ಲಿಯೂ ಇರಬೇಕು. ಸಂಸ್ಕರಿಸಿದ ಆಹಾರಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ ಪಡೆದು 14 ಅಂಕಿಗಳ ಸಂಖ್ಯೆಯನ್ನು ನಮೂದಿಸಿ.

6. ಅಫಿಲಿಯೇಟ್ ಮಾರಾಟ: ಎರಡು ಎಚ್ಚರಿಕೆಗಳು

ಇತರರು ತಮ್ಮ ಪುಟದಲ್ಲಿ ನಿಮ್ಮ ಉತ್ಪನ್ನದ ಲಿಂಕ್ ಹಂಚಿ, ಪ್ರತಿ ಮಾರಾಟಕ್ಕೆ ಕಮಿಷನ್ ಪಡೆಯುವ ಪದ್ಧತಿಯೇ ಅಫಿಲಿಯೇಟ್ ಮಾರಾಟ.

ಮೊದಲನೆಯದು ಲೆಕ್ಕಾಚಾರ. ಉದಾಹರಣೆಗೆ, 1 ಕಿ.ಗ್ರಾಂ ಬೆಲ್ಲದ ಪುಡಿಯ ದರ ₹120, ತಯಾರಿಕಾ ವೆಚ್ಚ ₹70, ಪ್ಯಾಕಿಂಗ್ ₹12 ಎಂದು ಭಾವಿಸೋಣ. ಉಳಿಯುವುದು ₹38. ಶೇ 10ರ ಕಮಿಷನ್ ಎಂದರೆ ₹12. ಅದು ದರದ ಹತ್ತನೇ ಒಂದು ಭಾಗವಾದರೂ ನಿಮ್ಮ ಉಳಿತಾಯದ ಸುಮಾರು ಮೂರನೇ ಒಂದು ಭಾಗ. ಒಪ್ಪಂದಕ್ಕೆ ಮುನ್ನ ಈ ಲೆಕ್ಕ ಮಾಡಿ. ಪ್ರಚಾರಕರು ಬಳಸಬಹುದಾದ ಬರಹವನ್ನು ನೀವೇ ಲಿಖಿತವಾಗಿ ನೀಡಿ.

ಎರಡನೆಯದು ಹೊಣೆಗಾರಿಕೆ. ಕೃಷಿ ವಿಡಿಯೊ ಮಾಡುವ ಅನೇಕ ಯುವಕರು ಕಮಿಷನ್‌ಗಾಗಿ ಬೆಳವಣಿಗೆ ಪ್ರಚೋದಕ, ಕೀಟನಾಶಕಗಳ ಲಿಂಕ್ ಹಂಚುತ್ತಿದ್ದಾರೆ. ಸಾಲ ಮಾಡಿ ಬೆಳೆದ ಟೊಮೆಟೊಗೆ ನೋಡುಗ ರೈತ ಅದನ್ನೇ ಸಿಂಪಡಿಸುತ್ತಾನೆ ಎಂಬುದು ನೆನಪಿರಲಿ. ಜೈವಿಕ ಪ್ರಚೋದಕಗಳು 2021ರಿಂದ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಯಲ್ಲಿವೆ. ಕೀಟನಾಶಕಗಳು 1968ರ ಕಾಯ್ದೆಯಡಿ ನೋಂದಣಿಯಾಗಿರಬೇಕು. ಲೇಬಲ್‌ನಲ್ಲಿಲ್ಲದ ಬೆಳೆ, ಪ್ರಮಾಣ ಅಥವಾ ಇಳುವರಿಯ ಭರವಸೆಯನ್ನು ಹೇಳಬೇಡಿ. ಹಣ ಅಥವಾ ಉಚಿತ ಸಾಮಗ್ರಿ ಪಡೆದಿದ್ದರೆ 'ಜಾಹೀರಾತು' ಅಥವಾ 'ಪ್ರಾಯೋಜಿತ' ಎಂದು ಕನ್ನಡ ವಿಡಿಯೊದಲ್ಲಿ ಕನ್ನಡದಲ್ಲಿಯೇ, ಎದ್ದು ಕಾಣುವಂತೆ ತಿಳಿಸಿ. ಗ್ರಾಹಕರ ಅಭಿಪ್ರಾಯಗಳನ್ನು ಅವರ ಅನುಮತಿ ಪಡೆದೇ ಪ್ರಕಟಿಸಿ. ಸ್ವತಃ ಬರೆದ ಅಭಿಪ್ರಾಯವನ್ನು ಗ್ರಾಹಕರದೆಂದು ತೋರಿಸುವುದು ವಂಚನೆ.

7. ಬರಹದ ಪರೀಕ್ಷೆ

ಒಂದೇ ಹೊಲದಲ್ಲಿ ತಳಿ ಹಾಗೂ ಗೊಬ್ಬರ ಎರಡನ್ನೂ ಏಕಕಾಲಕ್ಕೆ ಬದಲಿಸಿದರೆ ಇಳುವರಿ ಹೆಚ್ಚಿದ್ದು ಯಾವುದರಿಂದ ಎಂದು ತಿಳಿಯದು. ಬರಹಕ್ಕೂ ಇದೇ ತತ್ತ್ವ. ಎರಡು ವಾರ ಒಂದು ಶೀರ್ಷಿಕೆ, ನಂತರದ ಎರಡು ವಾರ ಇನ್ನೊಂದು ಶೀರ್ಷಿಕೆ ಬಳಸಿ. ಚಿತ್ರ ಮತ್ತು ದರ ಬದಲಿಸಬೇಡಿ. ಹಬ್ಬದ ವಾರಗಳನ್ನು ಹೋಲಿಕೆಗೆ ಸೇರಿಸಬೇಡಿ. ವಿಚಾರಣೆ, ಆರ್ಡರ್, ದೂರು ಮತ್ತು ಮರುಖರೀದಿಯ ಸಂಖ್ಯೆಗಳನ್ನು ಬರೆದಿಡಿ. ಇವುಗಳಲ್ಲಿ ಮರುಖರೀದಿಯೇ ಮುಖ್ಯ ಅಳತೆ. ಮೊದಲ ಪ್ಯಾಕೆಟನ್ನು ಬರಹ ಮಾರಬಹುದು, ಎರಡನೆಯದನ್ನು ಮಾರುವುದು ಬರಹಕ್ಕೂ ಪದಾರ್ಥಕ್ಕೂ ಇರುವ ಹೊಂದಾಣಿಕೆ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ: ತರಬೇತಿಯಲ್ಲಿ ಪ್ರತಿ ಗುಂಪೂ ತನ್ನ ಉತ್ಪನ್ನದ ಬರಹ ಸಿದ್ಧಪಡಿಸಲಿ. ಬಳಿಕ ಮತ್ತೊಂದು ಗುಂಪು ಪ್ರತಿ ವಾಕ್ಯಕ್ಕೂ 'ಇದಕ್ಕೆ ದಾಖಲೆ ಎಲ್ಲಿ?' ಎಂದು ಪ್ರಶ್ನಿಸಲಿ. ಉತ್ತರ ದೊರೆಯದ ವಾಕ್ಯಗಳನ್ನು ಅಲ್ಲಿಯೇ ತೆಗೆದುಹಾಕಿಸಿ. ಪರವಾನಗಿ ಹಾಗೂ ಲೇಬಲ್ ಕುರಿತ ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ, ಮಾರಾಟ ಆರಂಭಿಸುವ ಮುನ್ನ ಜಿಲ್ಲಾ ಆಹಾರ ಸುರಕ್ಷತಾ ಮತ್ತು ಕಾನೂನು ಮಾಪನಶಾಸ್ತ್ರ ಕಚೇರಿಗಳಲ್ಲಿ ವಿಚಾರಿಸಲು ರೈತರಿಗೆ ತಿಳಿಸಿ.