ಕುದುರೆ ಅಂಚೆಯಿಂದ ಪ್ಯಾಕೆಟ್ ಜಾಲದವರೆಗೆ: ಸರದಿ ಸಾಗಣೆಯ ತೌಲನಿಕ ಅಧ್ಯಯನ

ಸಂವಹನದ ಚರಿತ್ರೆಯನ್ನು ವೇಗದ ಚರಿತ್ರೆಯಾಗಿ ಬರೆಯುವುದು ವಾಡಿಕೆ. ಕುದುರೆ ಹತ್ತು ದಿನದಲ್ಲಿ ಮುಟ್ಟಿಸಿದ್ದನ್ನು ಇಮೇಲ್ ಕ್ಷಣದಲ್ಲಿ ಮುಟ್ಟಿಸುತ್ತದೆ ಎಂದರೆ ಹೋಲಿಕೆ ಅಲ್ಲಿಗೇ ಮುಗಿಯುತ್ತದೆ. ಅಮೆರಿಕದ ಪೋನಿ ಎಕ್ಸ್‌ಪ್ರೆಸ್ ಅನ್ನು ಅಂತರ್ಜಾಲದ ಪಕ್ಕದಲ್ಲಿಟ್ಟು ನೋಡಿದರೆ ವೇಗಕ್ಕಿಂತ ಸಾಗಣೆಯ ಕ್ರಮವೇ ಹೆಚ್ಚು ವಿಚಾರಾರ್ಹ ಎಂಬುದು ಈ ಲೇಖನದ ಪ್ರತಿಪಾದನೆ.

ರಸೆಲ್, ಮೇಜರ್ಸ್ ಮತ್ತು ವಾಡೆಲ್ ಎಂಬ ಮೂವರು ಸರಕು ಸಾಗಣೆದಾರರು 1860ರ ಏಪ್ರಿಲ್ 3ರಂದು ಆರಂಭಿಸಿದ ಈ ಅಂಚೆ, ಮಿಸ್ಸೌರಿಯ ಸೇಂಟ್ ಜೋಸೆಫ್‌ನಿಂದ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊಗೆ ಸುಮಾರು 1,900 ಮೈಲಿ ದಾರಿಯನ್ನು ಹತ್ತು ದಿನದಲ್ಲಿ ಕ್ರಮಿಸುತ್ತಿತ್ತು. ಹತ್ತು ಹದಿನೈದು ಮೈಲಿಗೊಮ್ಮೆ ಕುದುರೆ ಬದಲಾಗುತ್ತಿತ್ತು. ಎಪ್ಪತ್ತೈದರಿಂದ ನೂರು ಮೈಲಿಗೊಮ್ಮೆ ಸವಾರ. ಪೂರ್ತಿ ದಾರಿ ಕ್ರಮಿಸುತ್ತಿದ್ದುದು ಅಂಚೆ ಚೀಲ ಮಾತ್ರ. ಇಂಥ ಸರದಿ ಭಾರತದಲ್ಲೂ ಇತ್ತು. ಹದಿನಾಲ್ಕನೆಯ ಶತಮಾನದಲ್ಲಿ ದೆಹಲಿಯ ತುಘಲಕನ ರಾಜ್ಯದ ಅಂಚೆಯನ್ನು ಕಂಡ ಪ್ರವಾಸಿ ಇಬ್ನ್ ಬತೂತಾ, ಕುದುರೆ ಅಂಚೆಗಿಂತ ಕಾಲಾಳುಗಳ ಅಂಚೆಯೇ ಬೇಗ ತಲುಪುತ್ತಿತ್ತೆಂದು ಬರೆದಿದ್ದಾನೆ. ಕಾಲಾಳುಗಳ ಠಾಣೆಗಳು ಮೈಲಿಗೆ ಮೂರರಂತೆ ಇದ್ದವು. ಚಿಕ್ಕದೇವರಾಜ ಒಡೆಯರು 1672ರಲ್ಲಿ ಆರಂಭಿಸಿದ, 1889ರಲ್ಲಿ ಬ್ರಿಟಿಷ್ ಅಂಚೆಯಲ್ಲಿ ವಿಲೀನವಾದ ಮೈಸೂರು ಅಂಚೆಯಲ್ಲೂ ಹರಿಕಾರರು ಓಡುತ್ತಿದ್ದರು. ಅಂದರೆ ವೇಗದ ಗುಟ್ಟು ಪ್ರಾಣಿಯ ಕಾಲಿನಲ್ಲಿರಲಿಲ್ಲ. ಠಾಣೆಯಿಂದ ಠಾಣೆಗೆ ಇರುವ ಅಂತರದಲ್ಲಿತ್ತು.

ಈ ಸರದಿಯ ಕ್ರಮ ಇಂದಿಗೂ ಉಳಿದಿದೆ. ಪೋನಿ ಎಕ್ಸ್‌ಪ್ರೆಸ್ ಸವಾರರು ಜೀನಿನ ಮೇಲೆ ಹಾಸುತ್ತಿದ್ದ ‘ಮೊಚಿಲಾ’ ಎಂಬ ಚರ್ಮದ ಹೊದಿಕೆಗೆ ನಾಲ್ಕು ಪೆಟ್ಟಿಗೆಗಳಿರುತ್ತಿದ್ದವು. ಮೂರಕ್ಕೆ ಬೀಗ, ನಾಲ್ಕನೆಯದರಲ್ಲಿದ್ದ ಸಮಯಪಟ್ಟಿಯಲ್ಲಿ ಅಂಚೆ ಬಂದ ವೇಳೆಯನ್ನು ಠಾಣೆಯವರು ದಾಖಲಿಸುತ್ತಿದ್ದರು. ಇಂದಿನ ಇಮೇಲ್‌ನ ಪೂರ್ಣ ಶೀರ್ಷಿಕೆಯನ್ನು ತೆರೆದರೆ ಅಲ್ಲಿಯೂ ಇಂಥದೇ ದಾಖಲೆ ಕಾಣುತ್ತದೆ: ಸಂದೇಶವನ್ನು ಪಡೆದ ಪ್ರತಿ ಸರ್ವರ್ ‘ರಿಸೀವ್ಡ್’ ಎಂಬ ಸಾಲಿನಲ್ಲಿ ತನ್ನ ಹೆಸರನ್ನೂ ವೇಳೆಯನ್ನೂ ಸೇರಿಸಿರುತ್ತದೆ. ಬದಲಾದದ್ದು ತೂಕದ ಲೆಕ್ಕ. ಪೋನಿ ಎಕ್ಸ್‌ಪ್ರೆಸ್‌ನಲ್ಲಿ ಅರ್ಧ ಔನ್ಸ್‌ಗೆ ಮೊದಲು 5 ಡಾಲರ್ ದರವಿದ್ದುದರಿಂದ ಜನ ತೆಳು ಕಾಗದದಲ್ಲಿ ಬರೆಯುತ್ತಿದ್ದರು. ಇಮೇಲ್‌ಗೆ ಆ ಮಿತವ್ಯಯದ ಅಗತ್ಯವೇ ಇಲ್ಲ.

ಹಾಗಿದ್ದರೆ ನಿಜವಾದ ತಿರುವು ಎಲ್ಲಿ? ಮೊದಲನೆಯದು 1861ರಲ್ಲಿ. ತಂತಿ ಬಂದು ಕುದುರೆಯನ್ನು ಒಮ್ಮೆಗೇ ಓಡಿಸಿಬಿಟ್ಟಿತೆಂಬ ಚಿತ್ರ ಅಪೂರ್ಣ. ಪೂರ್ವ ಪಶ್ಚಿಮಗಳಿಂದ ತಂತಿ ಎಳೆಯುತ್ತಾ ಬಂದ ತಿಂಗಳುಗಳಲ್ಲಿ, ಒಂದು ತುದಿಗೆ ತಲುಪಿದ ತಂತಿ ಸಂದೇಶವನ್ನು ಇನ್ನೊಂದು ತುದಿಗೆ ಒಯ್ದವರು ಇದೇ ಸವಾರರು. ನಡುವಿನ ಅಂತರ ಕುಗ್ಗಿದಂತೆಲ್ಲ ಅವರ ಈ ಕೆಲಸವೂ ಕುಗ್ಗಿತು. ಅಕ್ಟೋಬರ್ 24ರಂದು ಸಾಲ್ಟ್ ಲೇಕ್ ಸಿಟಿಯಲ್ಲಿ ತಂತಿಗಳು ಕೂಡಿದವು. ಎರಡು ದಿನಗಳಲ್ಲಿ ಪೋನಿ ಎಕ್ಸ್‌ಪ್ರೆಸ್ ನಿಲುಗಡೆಯ ಪ್ರಕಟಣೆ ಹೊರಬಿತ್ತು. ಆಗ ಸಂದೇಶ ಅದನ್ನು ಹೊರುವವನ ಮೈಯಿಂದ ಬೇರೆಯಾಯಿತು. ಆದರೆ ಒಂದೇ ದಾರಿಯ ಹಂಗು ತಪ್ಪಲಿಲ್ಲ. 1860ರ ಬೇಸಿಗೆಯಲ್ಲಿ, ಇಂದಿನ ನೆವಾಡಾದಲ್ಲಿ ಪೈಯೂಟ್ ಜನರೊಡನೆ ಯುದ್ಧ ನಡೆದು ಠಾಣೆಗಳು ನಾಶವಾದಾಗ ಕುದುರೆ ಅಂಚೆ ಕೆಲವು ವಾರ ಸ್ಥಗಿತಗೊಂಡಿತ್ತು. ಒಂಟಿ ತಂತಿ ತುಂಡಾದರೂ ಗತಿ ಅದೇ.

ಎರಡನೆಯ ತಿರುವು ಒಂದು ಶತಮಾನದ ನಂತರದ್ದು. 1960ರ ದಶಕದಲ್ಲಿ ಅಮೆರಿಕದ ಪಾಲ್ ಬ್ಯಾರನ್ ಮತ್ತು ಬ್ರಿಟನ್ನಿನ ಡೊನಾಲ್ಡ್ ಡೇವಿಸ್, ಪರಸ್ಪರ ಅರಿವಿಲ್ಲದೆಯೇ, ಸಂದೇಶವನ್ನು ‘ಪ್ಯಾಕೆಟ್’ ಎಂಬ ತುಣುಕುಗಳಾಗಿ ಒಡೆದು ಕಳಿಸುವ ಕ್ರಮವನ್ನು ರೂಪಿಸಿದರು. ಪ್ರತಿ ತುಣುಕೂ ಠಾಣೆಯಿಂದ ಠಾಣೆಗೆ ಸಾಗುತ್ತದೆ. ಒಂದು ಠಾಣೆ ಕೆಟ್ಟರೆ ಬೇರೆ ದಾರಿ ಹಿಡಿಯುತ್ತದೆ. ಸರದಿ ಉಳಿಯಿತು, ದಾರಿ ಒಂದೇ ಆಗಿರಬೇಕೆಂಬ ಕಟ್ಟು ಹೋಯಿತು.

ಆದರೆ ಈ ಬಿಡುಗಡೆ ಎಲ್ಲರಿಗೂ ಸಮನಾಗಿ ದಕ್ಕಿಲ್ಲ. 2022ರ ಜನವರಿಯಲ್ಲಿ ಜ್ವಾಲಾಮುಖಿ ಸ್ಫೋಟದಿಂದ ಸಮುದ್ರತಳದ ಕೇಬಲ್ ತುಂಡಾದಾಗ, ಹೊರಜಗತ್ತಿಗೆ ಅದೊಂದನ್ನೇ ನೆಚ್ಚಿದ್ದ ಟೋಂಗಾದ ಮುಖ್ಯ ದ್ವೀಪಕ್ಕೆ ಕೇಬಲ್ ಸಂಪರ್ಕ ಮರಳಲು ಸುಮಾರು ಐದು ವಾರ ಹಿಡಿಯಿತು. ಅಲ್ಲಿದ್ದ ಉಪಕರಣ 21ನೆಯ ಶತಮಾನದ್ದು, ಅಪಾಯ 1860ರದ್ದು. ಆದ್ದರಿಂದ ಸಂವಹನ ವ್ಯವಸ್ಥೆಯನ್ನು ಅಳೆಯುವಾಗ ಸಂದೇಶ ಎಷ್ಟು ಬೇಗ ತಲುಪಿತು ಎಂಬುದರ ಜೊತೆಗೆ, ಒಂದು ಕೊಂಡಿ ಕಳಚಿದರೆ ತಲುಪಲು ಇನ್ನೆಷ್ಟು ದಾರಿಗಳಿವೆ ಎಂದೂ ಎಣಿಸಬೇಕು.