ಮಣ್ಣಿನ ಶಿಲೀಂಧ್ರಗಳ ಬಾಷ್ಪ ಮತ್ತು ಬೆಳೆಗಳ ಒತ್ತಡ ಸಹಿಷ್ಣುತೆ: ಕೊಪ್ಪಳ ಜಿಲ್ಲೆಯ ರೈತರಿಗೆ ಮಾಹಿತಿ

ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಟ್ರೈಕೋಡರ್ಮಾ ಬೆರೆಸಿ, ಎರಡು ವಾರಗಳ ನಂತರ ಮೇಲಿನ ಗೋಣಿಚೀಲವನ್ನು ಸರಿಸಿದಾಗ ಕೆಲವೊಮ್ಮೆ ಕೊಬ್ಬರಿಯ ವಾಸನೆ ಬರುವುದನ್ನು ನೀವು ಗಮನಿಸಿರಬಹುದು. ಶಿಲೀಂಧ್ರವು ಉತ್ಪಾದಿಸುವ ಪೆಂಟೈಲ್ ಪೈರೋನ್ ಎಂಬ ಸಂಯುಕ್ತವೇ ಆ ವಾಸನೆಗೆ ಕಾರಣ. ಇಂತಹ, ಸುಲಭವಾಗಿ ಆವಿಯಾಗಿ ಗಾಳಿಯಲ್ಲಿ ಬೆರೆಯುವ ವಸ್ತುಗಳನ್ನು ಬಾಷ್ಪಶೀಲ ಸಂಯುಕ್ತಗಳೆಂದು ಕರೆಯಲಾಗುತ್ತದೆ. ಅಣಬೆಯ ವಾಸನೆ ನೀಡುವ ಆಕ್ಟೆನಾಲ್ ಕೂಡ ಇದೇ ಗುಂಪಿಗೆ ಸೇರಿದೆ. ಮೊದಲ ಮಳೆಯ ಮಣ್ಣಿನ ವಾಸನೆಯನ್ನು ಮಾತ್ರ ಶಿಲೀಂಧ್ರದ ಲೆಕ್ಕಕ್ಕೆ ಸೇರಿಸುವಂತಿಲ್ಲ. ಅದು ಮುಖ್ಯವಾಗಿ ಆಕ್ಟಿನೋಮೈಸಿಟಿಸ್ ಎಂಬ ಸೂಕ್ಷ್ಮಾಣುಗಳ ಕೊಡುಗೆ.

ಬೇರನ್ನು ಮುಟ್ಟದೆಯೇ ಸೂಕ್ಷ್ಮಾಣುವೊಂದು ಗಿಡದ ಬೆಳವಣಿಗೆಯನ್ನು ಬದಲಿಸಬಲ್ಲದೆಂಬುದು 2003ರಲ್ಲಿ ಬ್ಯಾಸಿಲಸ್ ಬ್ಯಾಕ್ಟೀರಿಯಾಗಳ ಮೇಲಿನ ಪ್ರಯೋಗದಿಂದ ಸ್ಪಷ್ಟವಾಯಿತು. ಒಂದೇ ತಟ್ಟೆಯನ್ನು ನಡುಗೋಡೆಯಿಂದ ಎರಡು ಭಾಗ ಮಾಡಿ, ಒಂದು ಕಡೆ ಸೂಕ್ಷ್ಮಾಣುವನ್ನು, ಇನ್ನೊಂದು ಕಡೆ ಸಾಸಿವೆ ಕುಟುಂಬದ ಅರಬಿಡಾಪ್ಸಿಸ್ ಸಸಿಗಳನ್ನು ಬೆಳೆಸಲಾಯಿತು. ಎರಡರ ನಡುವೆ ಗಾಳಿ ಮಾತ್ರ ಹಾದುಹೋಗುತ್ತಿದ್ದರೂ ಸಸಿಗಳು ಹೆಚ್ಚು ಬೆಳೆದವು. ಇದೇ ಬಗೆಯ ಬಾಷ್ಪವು ಬೇರಿನಲ್ಲಿ ಸೋಡಿಯಂ ಸಾಗಿಸುವ ಒಂದು ಜೀನಿನ ಚಟುವಟಿಕೆಯನ್ನು ತಗ್ಗಿಸಿ, ಗಿಡದಲ್ಲಿ ಉಪ್ಪು ಶೇಖರಣೆಯಾಗುವುದನ್ನು ಕಡಿಮೆ ಮಾಡುತ್ತದೆಂದು 2008ರಲ್ಲಿ ವರದಿಯಾಯಿತು. ಮುಂದೆ ಟ್ರೈಕೋಡರ್ಮಾದಲ್ಲಿಯೂ ಅಂತಹ ಪರಿಣಾಮಗಳು ಕಂಡುಬಂದವು. ಮೇಲೆ ಹೇಳಿದ ಕೊಬ್ಬರಿ ವಾಸನೆಯ ಸಂಯುಕ್ತವು ಪಕ್ಕಬೇರುಗಳನ್ನು ಹೆಚ್ಚಿಸುತ್ತದೆ. ಪಕ್ಕಬೇರು ಹೆಚ್ಚಿದ ಗಿಡವು ಮಣ್ಣಿನಲ್ಲಿ ಉಳಿದ ತೇವವನ್ನು ಹೆಚ್ಚು ಜಾಗದಿಂದ ಹೀರಬಲ್ಲದು.

ಆದರೆ ಈ ಫಲಿತಾಂಶಗಳನ್ನು ನೇರವಾಗಿ ಹೊಲಕ್ಕೆ ತರುವ ಮುನ್ನ ಎಚ್ಚರ ಅಗತ್ಯ. ಹೆಚ್ಚಿನ ಪ್ರಯೋಗಗಳು ಮುಚ್ಚಿದ ತಟ್ಟೆಗಳಲ್ಲಿ ನಡೆದಿವೆ. ಅಲ್ಲಿ ಸೂಕ್ಷ್ಮಾಣುವಿನ ಉಸಿರಾಟದಿಂದ ಇಂಗಾಲದ ಡೈಆಕ್ಸೈಡ್ ಕೂಡ ಶೇಖರವಾಗುತ್ತದೆ; ಬೆಳವಣಿಗೆಯಲ್ಲಿ ಅದರ ಪಾಲೆಷ್ಟು ಎಂಬ ಪ್ರಶ್ನೆಯನ್ನು ವಿಜ್ಞಾನಿಗಳೇ ಎತ್ತಿದ್ದಾರೆ. ಪ್ರಮಾಣವೂ ಮುಖ್ಯ: ಆಕ್ಟೆನಾಲ್ ಹೆಚ್ಚಾದರೆ ಸಸಿ ಕುಂಠಿತವಾಗುತ್ತದೆ. ಆದ್ದರಿಂದ "ಶಿಲೀಂಧ್ರದ ಅನಿಲ", "ಬಾಷ್ಪ ಸತ್ವ" ಮುಂತಾದ ಹೆಸರಿನಲ್ಲಿ ಯಾರಾದರೂ ಬಾಟಲಿ ತಂದು ಬರಗಾಲಕ್ಕೂ ಸವಳಿಗೂ ಇದೊಂದೇ ಮದ್ದು ಎಂದರೆ ಹಣ ಕೊಡಬೇಡಿರಿ. ಜೀವಂತ ಶಿಲೀಂಧ್ರವನ್ನು ಬೇರಿನ ಹತ್ತಿರ ನೆಲೆಗೊಳಿಸುವುದೇ ಸದ್ಯಕ್ಕೆ ವಿಶ್ವಾಸಾರ್ಹ ದಾರಿ. ಬಾಷ್ಪವು ಮಣ್ಣಿನಲ್ಲಿ ದೂರ ಸಾಗುವ ಮುನ್ನವೇ ಚದುರುವುದರಿಂದ ಬೀಜೋಪಚಾರಕ್ಕೆ ಹೆಚ್ಚಿನ ಮಹತ್ವವಿದೆ.

ನಮ್ಮ ಜಿಲ್ಲೆಯ ಮಣ್ಣುಗಳು ಒಂದೇ ತೆರನಾಗಿಲ್ಲವಾದ್ದರಿಂದ ಫಲವೂ ಒಂದೇ ಆಗಿರದು. ತುಂಗಭದ್ರಾ ಎಡದಂಡೆ ಕಾಲುವೆಯ ಗಂಗಾವತಿ ಭಾಗದಲ್ಲಿ ಸವಳು-ಜವಳು ದೊಡ್ಡ ಸಮಸ್ಯೆ. ಉಪ್ಪು ಸಹಿಷ್ಣುತೆಯ ಮಾತು ಕೇಳಿದೊಡನೆ ಆಸೆ ಹುಟ್ಟುವುದು ಇಲ್ಲಿಯೇ, ನಿರಾಸೆಯ ಸಂಭವ ಹೆಚ್ಚಿರುವುದೂ ಇಲ್ಲಿಯೇ. ಅನಿಲವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಅಲ್ಲದೆ ಟ್ರೈಕೋಡರ್ಮಾಕ್ಕೆ ಆಮ್ಲಜನಕ ಬೇಕು. ನೀರು ನಿಂತ ಭತ್ತದ ಗದ್ದೆಯಲ್ಲಿ ಇವೆರಡೂ ಅನುಕೂಲವಲ್ಲ. ಬೀಜ ಮತ್ತು ಸಸಿಮಡಿಯ ಹಂತದಲ್ಲಿ ಬಳಸಬಹುದು. ಆದರೆ ಸವಳು ನಿವಾರಣೆಗೆ ಬಸಿಗಾಲುವೆ ಮತ್ತು ಸಿಹಿ ನೀರಿನಿಂದ ಉಪ್ಪು ತೊಳೆಯುವುದು, ಕ್ಷಾರ ಮಣ್ಣಾಗಿದ್ದರೆ ಪರೀಕ್ಷೆಯ ಆಧಾರದಲ್ಲಿ ಜಿಪ್ಸಂ, ಇವಕ್ಕೆ ಬದಲಿ ಇಲ್ಲ. ಮಣ್ಣಿನ ವಿದ್ಯುತ್ ವಾಹಕತೆ 4 ಡೆಸಿಸೀಮನ್ಸ್ ದಾಟಿದ್ದರೆ ಅದನ್ನು ಲವಣಯುಕ್ತ ಮಣ್ಣೆಂದು ಪರಿಗಣಿಸಲಾಗುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ಕುರಿತ ಸಂಶೋಧನೆ ನಡೆಯುತ್ತಿರುವುದರಿಂದ ಅಲ್ಲಿ ವಿಚಾರಿಸುವುದು ಸೂಕ್ತ.

ಯಲಬುರ್ಗಾದ ಎರೆಭೂಮಿಯ ಮಾತು ಬೇರೆ. ಹಿಂಗಾರಿನಲ್ಲಿ ಬಿತ್ತಿದ ಕಡಲೆ ಮಣ್ಣಿನಲ್ಲಿ ಉಳಿದ ತೇವವನ್ನೇ ನಂಬಿ ಬೆಳೆಯುತ್ತದೆ. ತೇವ ಇಳಿದು ಬಿಸಿಲೇರಿದಾಗ ಒಣ ಬೇರು ಕೊಳೆ ರೋಗ ಉಲ್ಬಣಿಸುತ್ತದೆ. ಸೊರಗು ರೋಗವಂತೂ ಇದ್ದೇ ಇರುತ್ತದೆ. ಇಲ್ಲಿ ಟ್ರೈಕೋಡರ್ಮಾವು ರೋಗಾಣುವನ್ನು ತಡೆಯುವುದು ಖಚಿತ ಲಾಭ. ಬಾಷ್ಪದಿಂದ ಬೇರು ಹೆಚ್ಚಿದರೆ ಅದು ಮೇಲಿನ ಲಾಭ. ಪ್ರತಿ ಕಿ.ಗ್ರಾಂ ಬೀಜಕ್ಕೆ 4 ಗ್ರಾಂನಂತೆ ಲೇಪಿಸಿ, ನೆರಳಿನಲ್ಲಿ ಆರಿಸಿ ಬಿತ್ತಿರಿ. ಕಾರ್ಬೆಂಡಾಜಿಮ್ ಲೇಪಿಸಿದ ಬೀಜಕ್ಕೆ ಇದನ್ನು ಹಚ್ಚಿದರೆ ಶಿಲೀಂಧ್ರನಾಶಕವು ನಿಮ್ಮ ಶಿಲೀಂಧ್ರವನ್ನೇ ಕೊಲ್ಲುತ್ತದೆ. ರೈಜೋಬಿಯಂ ಜೊತೆ ಬಳಸಲು ಅಡ್ಡಿಯಿಲ್ಲ.

ಕುಷ್ಟಗಿ ಮತ್ತು ಕೊಪ್ಪಳದ ಮಸಾರಿ ಭೂಮಿಯಲ್ಲಿ ಗಾಳಿಯಾಡುವಿಕೆ ಚೆನ್ನಾಗಿದೆ, ಆದರೆ ಸಾವಯವ ಅಂಶ ಕಡಿಮೆ, ತೇವ ಬೇಗ ಆರುತ್ತದೆ. ಒಣ ಮಣ್ಣಿಗೆ ಪುಡಿ ಎರಚಿ ಹೋದರೆ ಶಿಲೀಂಧ್ರ ಬೆಳೆಯದು. 100 ಕಿ.ಗ್ರಾಂ ಕಳಿತ ಗೊಬ್ಬರಕ್ಕೆ 1 ಕಿ.ಗ್ರಾಂ ಟ್ರೈಕೋಡರ್ಮಾ ಬೆರೆಸಿ, ನೆರಳಿನಲ್ಲಿ ತೇವ ಕಾಯ್ದುಕೊಂಡು 10 ರಿಂದ 15 ದಿನ ಇಟ್ಟು, ನಂತರ ಶೇಂಗಾ ಸಾಲಿಗೆ ಅಥವಾ ದಾಳಿಂಬೆಯ ಪಾತಿಗೆ ಹಾಕಿ ಕಸಕಡ್ಡಿಯ ಹೊದಿಕೆ ಮಾಡಿರಿ. ಕೊಬ್ಬರಿ ವಾಸನೆ ಬಾರದಿದ್ದರೆ ಚಿಂತೆ ಬೇಡ, ಎಲ್ಲ ತಳಿಗಳೂ ಅದನ್ನು ನೀಡುವುದಿಲ್ಲ. ಅಮೋನಿಯಾದಂತೆ ಮೂಗಿಗೆ ಬಡಿದರೆ ಮಾತ್ರ ಗೊಬ್ಬರ ಇನ್ನೂ ಕಳಿತಿಲ್ಲವೆಂದು ತಿಳಿಯಿರಿ.

ಪೊಟ್ಟಣ ಕೊಳ್ಳುವಾಗ ತಯಾರಿಕೆಯ ದಿನಾಂಕವನ್ನೂ, ಪ್ರತಿ ಗ್ರಾಂಗೆ ಕನಿಷ್ಠ 20 ಲಕ್ಷ ಜೀವಾಣು ಘಟಕಗಳೆಂಬ ನಮೂದನ್ನೂ ನೋಡಿರಿ. ಅಂಗಡಿಯ ಬಿಸಿಲಿಗೆ ಬಿದ್ದಿದ್ದ ಪೊಟ್ಟಣವನ್ನು ಅವಧಿಯೊಳಗಿದ್ದರೂ ಬಿಡಿರಿ. ವಿಸ್ತರಣಾ ಕಾರ್ಯಕರ್ತರು ಪ್ರಾತ್ಯಕ್ಷಿಕೆ ಹಾಕಿಸುವಾಗ ಅದೇ ಹೊಲದಲ್ಲಿ ನಾಲ್ಕು ಸಾಲುಗಳನ್ನು ಉಪಚಾರವಿಲ್ಲದೆ ಬಿಡಿಸಿ, ಎರಡರ ಇಳುವರಿಯನ್ನೂ ಬೇರೆಬೇರೆಯಾಗಿ ತೂಗಿ ಬರೆದಿಡಬೇಕು.