ಒಂದು ಶಾಲೆಯ ಬಾಗಿಲು

ಶಾಲೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಒಳಗೆ ಕುಳಿತು ಬರೆಯುತ್ತಾರೆ. ಸ್ಥಾಪಕರ ಭಾವಚಿತ್ರ, ಕಟ್ಟಡದ ಶಂಕುಸ್ಥಾಪನೆ, ಹೆಸರು ಮಾಡಿದ ಹಳೆಯ ವಿದ್ಯಾರ್ಥಿಗಳ ಪಟ್ಟಿ, ಗಣ್ಯರ ಶುಭಸಂದೇಶ, ಇಷ್ಟಾದರೆ ಸ್ಮರಣ ಸಂಚಿಕೆ ಮುಗಿಯಿತು. ಬಾಗಿಲಲ್ಲಿ ಯಾರು ಬಂದು ನಿಂತಿದ್ದರು, ಯಾರನ್ನು ಒಳಗೆ ಬಿಟ್ಟರು, ಯಾರನ್ನು ಬಂದ ದಾರಿಯಲ್ಲೇ ಕಳಿಸಿದರು ಎಂಬ ಪ್ರಶ್ನೆಗೆ ಅಲ್ಲಿ ಜಾಗವಿರುವುದಿಲ್ಲ. ಕಲ್ಕತ್ತೆಯ ಹಿಂದೂ ಕಾಲೇಜಿನ ಚರಿತ್ರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಪ್ರಶ್ನೆಯಿಂದಾಗಿ.

1816ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ ಸರ್ ಎಡ್ವರ್ಡ್ ಹೈಡ್ ಈಸ್ಟ್ ಅವರ ಮನೆಯಲ್ಲಿ ನಗರದ ಹಿಂದೂ ಪ್ರಮುಖರು ಸಭೆ ಸೇರಿದರು. ತಮ್ಮ ಮಕ್ಕಳಿಗೆ ಇಂಗ್ಲಿಷೂ ಪಾಶ್ಚಾತ್ಯ ವಿಜ್ಞಾನವೂ ಬೇಕೆಂದು ಅವರು ತಾವಾಗಿಯೇ ಬಯಸಿದರು. ಮೆಕಾಲೆಯ ಟಿಪ್ಪಣಿ ಬಂದದ್ದು 1835ರಲ್ಲಿ. ಇದು ಅದಕ್ಕಿಂತ ಹತ್ತೊಂಬತ್ತು ವರ್ಷ ಹಿಂದಿನ ಮಾತು. ಇಂಗ್ಲಿಷ್ ವಿದ್ಯೆಯನ್ನು ನಮ್ಮ ತಲೆಯ ಮೇಲೆ ಹೇರಿದರು ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವವರು ಈ ಲೆಕ್ಕವನ್ನು ಗಮನಿಸಬೇಕು. ಬರ್ದ್ವಾನದ ಮಹಾರಾಜರು, ಗೋಪಿಮೋಹನ ಠಾಕೂರರು ಮೊದಲಾದವರು ಕೊಟ್ಟ ದೇಣಿಗೆ ಲಕ್ಷ ರೂಪಾಯಿಯನ್ನು ಮೀರಿತು. 1817ರ ಜನವರಿ 20ರಂದು ಬಾಡಿಗೆಯ ಮನೆಯೊಂದರಲ್ಲಿ 20 ಹುಡುಗರೊಂದಿಗೆ ಪಾಠ ಶುರುವಾಯಿತು.

ಆದರೆ ಬಾಗಿಲಿಗೆ ಮೊದಲ ದಿನವೇ ಒಂದು ಷರತ್ತು ಬಿತ್ತು. ಪ್ರವೇಶ ಮರ್ಯಾದಸ್ಥ ಹಿಂದೂ ಮನೆತನದ ಹುಡುಗರಿಗೆ ಮಾತ್ರ. ‘ಹಿಂದೂ’ ಎಂಬ ಮಾತಿಗಿಂತ ‘ಮರ್ಯಾದಸ್ಥ’ ಎಂಬ ಮಾತೇ ಇಲ್ಲಿ ಹೆಚ್ಚು ಬಿಗಿಯಾದದ್ದು. ಈ ಬಿಗಿ ಮೊದಲು ತಟ್ಟಿದ್ದು ರಾಜಾ ರಾಮಮೋಹನ ರಾಯರಿಗೆ. ಮೂರ್ತಿಪೂಜೆಯನ್ನು ವಿರೋಧಿಸಿದ ಅವರು ಸಮಿತಿಯಲ್ಲಿದ್ದರೆ ತಾವು ಸೇರುವುದಿಲ್ಲವೆಂದು ಸಂಪ್ರದಾಯಸ್ಥರು ಹಟ ಹಿಡಿದರು. ರಾಯರು ಜಗಳವಾಡಲಿಲ್ಲ. ಶಾಲೆ ನಡೆಯಲಿ ಎಂದು ದೂರ ಉಳಿದರು.

ಕ್ರೈಸ್ತ ಕುಲದಲ್ಲಿ ಹುಟ್ಟಿದ ಡೇವಿಡ್ ಹೇರ್ ಸಾಹೇಬನಿಗೆ ಮಾತ್ರ ಅದೇ ಶಾಲೆಯಲ್ಲಿ ಮನೆಯವನಂಥ ಸಲಿಗೆಯಿತ್ತು. ಸ್ಕಾಟ್ಲೆಂಡಿನಿಂದ 1800ರಲ್ಲಿ ಗಡಿಯಾರದ ಕಸುಬು ಹಿಡಿದು ಬಂದವನು, ಕಸುಬು ಬಿಟ್ಟು ಬಂಗಾಳದ ಮಕ್ಕಳ ಓದಿಗೆ ತನ್ನ ದುಡಿಮೆಯನ್ನೆಲ್ಲ ಸುರಿದ. 1842ರಲ್ಲಿ ಕಾಲರಾದಿಂದ ಸತ್ತಾಗ, ಧರ್ಮನಿಷ್ಠೆಯಿಲ್ಲದವನೆಂದು ಕ್ರೈಸ್ತ ಸ್ಮಶಾನದಲ್ಲಿ ಜಾಗ ಸಿಗಲಿಲ್ಲ. ಈಗ ಕಾಲೇಜ್ ಸ್ಕ್ವೇರ್ ಎನ್ನುವ ಕೆರೆಯ ಅಂಗಳದಲ್ಲಿ, ತಾನು ಸಾಕಿದ ಶಾಲೆಗಳ ಎದುರಿಗೇ ಅವನನ್ನು ಮಣ್ಣುಮಾಡಿದರು.

ಹುಡುಗರನ್ನು ಆರಿಸಿ ತೆಗೆದುಕೊಳ್ಳಬಹುದು, ಅವರ ತಲೆಯೊಳಗೆ ಏನು ಬೆಳೆಯಬೇಕೆಂದು ಆರಿಸಲಾಗುವುದಿಲ್ಲ. 1826ರಲ್ಲಿ ಹೆನ್ರಿ ಡಿರೋಜಿಯೊ ಎಂಬ ಆಂಗ್ಲೋ ಇಂಡಿಯನ್ ತರುಣ ಮಾಸ್ತರನಾಗಿ ಬಂದ. ಆಗ ಅವನ ವಯಸ್ಸು 17. ಕವಿ, ಮಾತುಗಾರ, ವಿದ್ಯಾರ್ಥಿಗಳಿಗಿಂತ ಬಹಳ ದೊಡ್ಡವನೇನಲ್ಲ. ಶಾಲೆಯ ಹೊರಗೆ ಚರ್ಚಾಕೂಟ ಕಟ್ಟಿ ದೇವರು, ವಿಧಿ, ಜಾತಿ, ಹೆಂಗಸರ ಓದು, ಯಾವುದನ್ನೂ ಬಿಡದೆ ಪ್ರಶ್ನಿಸುವುದನ್ನು ಕಲಿಸಿದ. ಹುಡುಗರಿಗೆ ಹೊಸ ವಿಚಾರದ ಅಮಲೇರಿತು. ನಿಷಿದ್ಧವಾದದ್ದನ್ನು ತಿನ್ನುವುದೇ ಸುಧಾರಣೆ ಎಂದು ತಿಳಿದವರೂ ಇದ್ದರು. ರಸಿಕಕೃಷ್ಣ ಮಲ್ಲಿಕ ಕೋರ್ಟಿನಲ್ಲಿ ಗಂಗಾಜಲ ಮುಟ್ಟಿ ಪ್ರಮಾಣ ಮಾಡಲು ಒಪ್ಪಲಿಲ್ಲ. ಊರಿನ ತಂದೆತಾಯಿಯರು ಕಂಗೆಟ್ಟರು.

1831ರ ಏಪ್ರಿಲ್‌ನಲ್ಲಿ ಆಡಳಿತ ಸಮಿತಿ ಸೇರಿತು. ಡಿರೋಜಿಯೊ ಅಯೋಗ್ಯ ಶಿಕ್ಷಕನೆಂದು ಹೇಳಲು ಬಹುಮತ ಸಿಗಲಿಲ್ಲ. ಆದರೂ ಊರಿನ ಮನಸ್ಸು ನೋಡಿದರೆ ಅವನನ್ನು ತೆಗೆಯುವುದೇ ಮೇಲು ಎಂದು ತೀರ್ಮಾನವಾಯಿತು. ಸಂಸ್ಥೆಗಳ ಚರಿತ್ರೆಯಲ್ಲಿ ಇಂಥ ತೀರ್ಮಾನಗಳು ಎಷ್ಟೋ. ತಪ್ಪು ಸಾಬೀತಾಗಬೇಕಿಲ್ಲ, ಗದ್ದಲವಾದರೆ ಸಾಕು. ತನ್ನನ್ನು ಕರೆದು ವಿಚಾರಿಸದೆ, ಸಾಕ್ಷಿ ಕೇಳದೆ ಶಿಕ್ಷಿಸಿದಿರೆಂದು ಬರೆದು ಆತ ರಾಜೀನಾಮೆ ಕೊಟ್ಟ. ದೇವರಿಲ್ಲವೆಂಬ ವಾದವನ್ನೂ ಅದಕ್ಕೆ ಇದಿರಾದ ವಾದವನ್ನೂ ಹುಡುಗರ ಮುಂದಿಟ್ಟೆ, ಒಂದನ್ನೇ ಕಲಿಸಲಿಲ್ಲ ಎಂಬುದು ಅವನ ಸಮರ್ಥನೆ. ಅದೇ ವರ್ಷ ಡಿಸೆಂಬರ್ 26ರಂದು, 22ರ ಪ್ರಾಯದಲ್ಲಿ, ಕಾಲರಾ ಅವನನ್ನೂ ಒಯ್ದಿತು.

ಮುಂದೆ ಷರತ್ತು ತನ್ನ ಮಕ್ಕಳನ್ನೇ ಹೊರದೂಡಿತು. ಮಧುಸೂದನ ದತ್ತ 1843ರ ಫೆಬ್ರವರಿಯಲ್ಲಿ ಕ್ರೈಸ್ತನಾದ. ಕೂಡಲೇ ಅವನು ಹಿಂದೂ ಕಾಲೇಜಿನ ವಿದ್ಯಾರ್ಥಿಯಾಗಿ ಉಳಿಯುವಂತಿರಲಿಲ್ಲ. ಬಂಗಾಳಿಯಲ್ಲಿ ರಾಮಾಯಣದ ವಸ್ತುವನ್ನು ಹೊಸ ಛಂದಸ್ಸಿನಲ್ಲಿ ‘ಮೇಘನಾದವಧ’ವಾಗಿ 1861ರಲ್ಲಿ ಕೊಟ್ಟವನು ಇವನೇ.

ಹತ್ತು ವರ್ಷದ ಮೇಲೆ, 1853ರಲ್ಲಿ, ‘ಮರ್ಯಾದಸ್ಥ’ ಎಂಬ ಮಾತಿನ ಪರೀಕ್ಷೆಯಾಯಿತು. ಹೀರಾ ಬುಲ್‌ಬುಲ್ ಎಂಬ ವೇಶ್ಯೆಯ ಮಗನಿಗೆ ಕಾಲೇಜಿನಲ್ಲಿ ಪ್ರವೇಶ ಸಿಕ್ಕಿತು. ಶ್ರೀಮಂತರು ಕೆರಳಿದರು, ತಮ್ಮ ಮಕ್ಕಳನ್ನು ಬಿಡಿಸಿಕೊಂಡರು, ಹಿಂದೂ ಮೆಟ್ರೊಪಾಲಿಟನ್ ಕಾಲೇಜು ಎಂಬ ಪ್ರತಿಸಂಸ್ಥೆಯನ್ನೇ ಕಟ್ಟಿದರು. ಒಬ್ಬ ಹುಡುಗ ಬೆಂಚಿನ ಮೇಲೆ ಕುಳಿತದ್ದಕ್ಕೆ ಇಷ್ಟೆಲ್ಲ!

1855ರ ಜೂನ್ 15ರಂದು ಸರ್ಕಾರ ಈ ಸಂಸ್ಥೆಯನ್ನು ಎರಡಾಗಿ ಮಾಡಿತು. ಮೇಲಿನ ವಿಭಾಗ ಪ್ರೆಸಿಡೆನ್ಸಿ ಕಾಲೇಜಾಗಿ ಎಲ್ಲ ಮತದವರಿಗೂ ತೆರೆದುಕೊಂಡಿತು. ಕೆಳಗಿನದು ಹಿಂದೂ ಸ್ಕೂಲ್ ಎಂಬ ಹೆಸರಿನಲ್ಲಿ ಮುಂದುವರಿಯಿತು. ಇದರ ಮರುವರ್ಷವೇ, 1856ರ ಜೂನ್‌ನಲ್ಲಿ, ನಮ್ಮ ಧಾರವಾಡದಲ್ಲಿ ಮಹಾರ್ ಹುಡುಗನೊಬ್ಬ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಲಿಲ್ಲವೆಂದು ಮುಂಬಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ಒಬ್ಬನಿಗಾಗಿ ಬಹುಕಾಲದ ಪದ್ಧತಿಯನ್ನು ಕದಡಲಾಗದೆಂದು ಸರ್ಕಾರ ಕೈತೊಳೆದುಕೊಂಡಿತು. ಸರ್ಕಾರಿ ಶಾಲೆ ಎಲ್ಲ ವರ್ಗದವರಿಗೂ ತೆರೆದಿರಬೇಕೆಂದು ಲಂಡನ್ನಿನ ಕಂಪನಿ ನಿರ್ದೇಶಕರು ಆಮೇಲೆ ಹೇಳಿದರು, ಆದರೆ ಹೇಳಿದ್ದು ನಡೆಯಲು ಮತ್ತೆಷ್ಟೋ ದಶಕ ಹಿಡಿಯಿತು. ಕಲ್ಕತ್ತೆಯ ಕಥೆಯನ್ನು ಓದುವಾಗಲೆಲ್ಲ ನನಗೆ ಧಾರವಾಡದ ಈ ಹುಡುಗನೂ ಪಕ್ಕದಲ್ಲೇ ನಿಂತಂತೆ ತೋರುತ್ತದೆ. ಅಲ್ಲಿ ವೇಶ್ಯೆಯ ಮಗನಿಗೆ ಕೊಟ್ಟ ಜಾಗಕ್ಕಾಗಿ ಊರೇ ಎದ್ದಿತು. ಇಲ್ಲಿ ಜಾಗವನ್ನೇ ಕೊಡಲಿಲ್ಲವಾದ್ದರಿಂದ ಊರು ನೆಮ್ಮದಿಯಾಗಿ ಮಲಗಿತು.

ಹಾಗಾದರೆ ಈ ಶಾಲೆಯ ಫಲವೇನು? ಹೆಸರುಗಳಿಗೆ ಬರವಿಲ್ಲ. ಡಿರೋಜಿಯೊನ ಶಿಷ್ಯ ರಾಧಾನಾಥ ಸಿಕ್ದಾರ್ ಸರ್ವೆ ಇಲಾಖೆಯಲ್ಲಿ ಲೆಕ್ಕಿಗನಾಗಿ ಸೇರಿದ. ಮುಂದೆ ಎವರೆಸ್ಟ್ ಎಂದು ಹೆಸರಾದ ಶಿಖರದ ಎತ್ತರದ ಗಣನೆಯಲ್ಲಿ ಅವನ ಕೈಯಿದೆ. ಪ್ಯಾರೀಚಾಂದ ಮಿತ್ರ ಆಡುಮಾತಿನ ಬಂಗಾಳಿಯಲ್ಲಿ ಕಾದಂಬರಿ ಬರೆದ. ಹಿಂದೂ ಸ್ಕೂಲಿನಲ್ಲಿ ಓದಿದ ಸತ್ಯೇಂದ್ರನಾಥ ಠಾಕೂರರು 1863ರಲ್ಲಿ ಐ.ಸಿ.ಎಸ್. ಗೆದ್ದ ಮೊದಲ ಭಾರತೀಯರು. ಅಲ್ಲಿಂದಲೇ ಹೊರಟ ಸತ್ಯೇಂದ್ರನಾಥ ಬೋಸರ ಹೆಸರು ಭೌತಶಾಸ್ತ್ರದ ‘ಬೋಸಾನ್’ ಕಣಕ್ಕೆ ಅಂಟಿದೆ. ಪ್ರೆಸಿಡೆನ್ಸಿಯಲ್ಲಿ ಓದಿ 1858ರಲ್ಲಿ ಪದವೀಧರರಾದ ಬಂಕಿಮಚಂದ್ರರು ಬಿ. ವೆಂಕಟಾಚಾರ್ಯರ ಅನುವಾದಗಳಲ್ಲಿ ನಮ್ಮ ಅಜ್ಜಂದಿರ ಮನೆಗಳಿಗೂ ಬಂದರು. ಕನ್ನಡದ ಓದುಗನಿಗೆ ಕಾದಂಬರಿಯ ರುಚಿ ಹತ್ತಿದ ದಾರಿಗಳಲ್ಲಿ ಇದೂ ಒಂದು.

ನನಗೆ ಇವೆಲ್ಲಕ್ಕಿಂತ ದೊಡ್ಡದೆನಿಸುವುದು ಇನ್ನೊಂದು ಸಂಗತಿ. 1849ರಲ್ಲಿ ಬೆಥೂನ್ ಸಾಹೇಬ ಕಲ್ಕತ್ತೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಾಗ ಅದಕ್ಕೆ ಜಾಗ ಕೊಟ್ಟವನು ದಕ್ಷಿಣಾರಂಜನ ಮುಖರ್ಜಿ, ಬೆಂಬಲಕ್ಕೆ ನಿಂತವನು ರಾಮಗೋಪಾಲ ಘೋಷ್. ಇಬ್ಬರೂ ಡಿರೋಜಿಯೊ ಪಾಳೆಯದ ಹಿಂದೂ ಕಾಲೇಜಿನ ಹುಡುಗರು. ಗಂಡುಮಕ್ಕಳಿಗೆ, ಅದರಲ್ಲೂ ಆಯ್ದ ಮನೆತನದವರಿಗೆ ಎಂದು ಕಟ್ಟಿದ ಶಾಲೆ ಇಂಥವರನ್ನು ಬೆಳೆಸಿತು. ಸ್ಥಾಪಕರ ಉದ್ದೇಶ ಇದಾಗಿರಲಿಲ್ಲ. ವಿದ್ಯೆಯ ಗುಣವೇ ಹಾಗೆ. ಕೊಡುವವನ ಷರತ್ತಿಗೆ ಅದು ಪೂರ್ತಿ ಒಗ್ಗುವುದಿಲ್ಲ.

ಇದರಿಂದ ಷರತ್ತು ಸರಿಯಾಗಿತ್ತೆಂದು ವಾದಿಸುವುದು ಮಾತ್ರ ತಪ್ಪಾಗುತ್ತದೆ. ಒಳಗೆ ಹೋದವರು ಏನಾದರೆಂದು ನಾವು ಬಲ್ಲೆವು. ಬಾಗಿಲಿನಿಂದ ಹಿಂದಿರುಗಿದವರಲ್ಲಿ ಎಷ್ಟು ಸಿಕ್ದಾರರು, ಎಷ್ಟು ಬೋಸರು ಇದ್ದರೋ ಯಾವ ದಾಖಲೆಯೂ ಹೇಳುವುದಿಲ್ಲ. 2017ರಲ್ಲಿ ಇನ್ನೂರು ವರ್ಷ ತುಂಬಿಸಿಕೊಂಡ ಶಾಲೆಯ ಲೆಕ್ಕದಲ್ಲಿ ಈ ನಷ್ಟವನ್ನೂ ಬರೆದುಕೊಂಡರೆ ಅದರ ಕೀರ್ತಿ ಕುಂದುವುದಿಲ್ಲ. ಚರಿತ್ರೆ ಮಾತ್ರ ಪೂರ್ತಿಯಾಗುತ್ತದೆ.